ರಥದ ಮುಂದಿನ ಪರಾಕು

ಹೊಂಬಳ್ಳಿಯ ರಾಜ ಚಂಗರಾಯನ ಮೈದುನ ವೀರಮಲ್ಲನಿಗೆ ತನ್ನ ಕುದುರೆಗಳ ಮೇಲೆ ಎಲ್ಲಿಲ್ಲದ ಹೆಮ್ಮೆ. ಊರಲ್ಲಿ ಗಾಳಿ ಬೀಸಿದರೂ ಅದು ತನ್ನ ರಥ ಹೋದ ರಭಸಕ್ಕೆ ಎದ್ದದ್ದು ಎನ್ನುತ್ತಿದ್ದ. ರಾಣಿಯ ತಮ್ಮನಾದ್ದರಿಂದ ಯಾರೂ ಇಲ್ಲವೆನ್ನುತ್ತಿರಲಿಲ್ಲ.

ಒಂದು ಸಂತೆಯ ದಿನ ಆ ರಥ ಪೇಟೆಯ ತಿರುವಿನಲ್ಲಿ ಕುಂಬಾರ ಗಿರಿಯಪ್ಪನ ಗಾಡಿಗೆ ಗುದ್ದಿತು. ಎತ್ತುಗಳು ನೊಗ ಕಳಚಿಕೊಂಡು ಬದುಕಿದವು. ಗಾಡಿಯಲ್ಲಿ ಗಾಡಿ ಎನ್ನುವಂಥದ್ದೇನೂ ಉಳಿಯಲಿಲ್ಲ. ಗಡಿಗೆಗಳ ವಿಚಾರ ಕೇಳುವುದೇ ಬೇಡ. ರಥಕ್ಕೆ ಮಾತ್ರ ಒಂದು ಗೀರೂ ಬೀಳಲಿಲ್ಲ. ದೊಡ್ಡವರ ವಸ್ತುಗಳ ಸ್ವಭಾವವೇ ಹಾಗೆ.

ಗಿರಿಯಪ್ಪ ಮುರಿದ ಅಚ್ಚನ್ನು ಹೆಗಲ ಮೇಲೆ ಹೊತ್ತು ಅರಮನೆಗೆ ಬಂದ. ಗಾಡಿಯಿಲ್ಲದೆ ಸಂತೆಯಿಲ್ಲ, ಸಂತೆಯಿಲ್ಲದೆ ಮನೆಯಲ್ಲಿ ಒಲೆ ಉರಿಯುವುದಿಲ್ಲ, ಗಾಡಿಗೆ ಗಾಡಿ ಕೊಡಿಸಬೇಕು ಎಂದು ಬೇಡಿಕೊಂಡ.

ಆ ರಾಜ್ಯದಲ್ಲಿ ಒಂದು ಕಟ್ಟಳೆಯಿತ್ತು. ಅರಮನೆಯ ರಥ ಬೀದಿಗಿಳಿದರೆ ಅದರ ಮುಂದೆ ಪರಾಕು ಕೂಗುವವನು ಓಡಬೇಕು. ಕೂಗು ಕೇಳಿಯೂ ದಾರಿ ಬಿಡದಿದ್ದರೆ ದಾರಿಹೋಕನ ತಪ್ಪು. ಕೂಗಿಲ್ಲದೆ ಓಡಿಸಿದರೆ ರಥದವನ ತಪ್ಪು.

ತನ್ನ ಆಳು ಮುಂದೆ ಓಡುತ್ತ ಗಂಟಲು ಹರಿಯುವಂತೆ ಕೂಗಿದನೆಂದು ವೀರಮಲ್ಲ ಹೇಳಿದ. ಆಳು ತಲೆಯಾಡಿಸಿದ, ಪಾಪ, ಅವನ ಅನ್ನದ ಪ್ರಶ್ನೆ. ಇಷ್ಟಕ್ಕೂ ಅದು ಹಳೆಯ ಗಾಡಿ, ಬೇಕಿದ್ದರೆ ಸೌದೆಯ ಬೆಲೆ ಕೊಡುತ್ತೇನೆ ಎಂದೂ ವೀರಮಲ್ಲ ಸೇರಿಸಿದ.

ರಾಜ ಇಕ್ಕಟ್ಟಿಗೆ ಸಿಕ್ಕಿಕೊಂಡ. ಸಾಕ್ಷಿ ಮೈದುನನ ಕಡೆಗಿತ್ತು, ರಾಣಿಯೂ ಅದೇ ಕಡೆಗಿದ್ದಳು. ಅವನು ಆಸ್ಥಾನದ ಜಾಣ ಮಾಯಿದೇವನ ಮುಖ ನೋಡಿದ.

ಮಾಯಿದೇವ ನಿಟ್ಟುಸಿರು ಬಿಟ್ಟ. "ಪ್ರಭು, ಗಿರಿಯಪ್ಪ ಸೋತ. ನನ್ನ ಸಂಕಟ ಅವನದಲ್ಲ, ಆ ಕುದುರೆಗಳದು."

"ನನ್ನ ಕುದುರೆಗಳಿಗೇನಾಯಿತು?" ವೀರಮಲ್ಲ ಕೇಳಿದ.

"ವಯಸ್ಸಾಯಿತಲ್ಲ, ವೀರಮಲ್ಲರೇ. ಈ ಆಳಿನ ಹೊಟ್ಟೆ ನೋಡಿ. ಇಂಥವನು ಪೇಟೆಯವರೆಗೂ ಮುಂದೆ ಓಡಿದ, ಅವು ಹಿಂದೆಯೇ ಉಳಿದವು. ಇನ್ನು ಹುರುಳಿ ಬೇಡ, ಅವಕ್ಕೆ ನುಚ್ಚಿನ ಗಂಜಿ ಹಾಕಿಸಿ."

ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ವೀರಮಲ್ಲನ ಕಿವಿ ಕೆಂಪಾಯಿತು.

"ಇವನು ನನ್ನ ಕುದುರೆಗಳ ಮುಂದೆ ಓಡುವುದೇ? ನಾನು ಪೇಟೆ ಮುಟ್ಟಿದಾಗ ಇವನು ಇನ್ನೂ ಕೋಟೆ ಬಾವಿಯ ಹತ್ತಿರ ಏದುಸಿರು ಬಿಡುತ್ತಿದ್ದ. ಅವನನ್ನೇ ಕೇಳಿ."

ಆಳು ಮತ್ತೆ ತಲೆಯಾಡಿಸಿದ. ಈ ಸಲ ನಿಜವಾದ್ದರಿಂದ ಸ್ವಲ್ಪ ಜೋರಾಗಿಯೇ ಆಡಿಸಿದ.

ವೀರಮಲ್ಲನಿಗೆ ತಾನೇನು ಹೇಳಿದೆನೆಂದು ಹೊಳೆಯುವಷ್ಟರಲ್ಲಿ ರಾಜ ಹೊಸ ಗಾಡಿ ಮಾಡಿಸಿಕೊಡುವಂತೆ ತೀರ್ಪು ಕೊಟ್ಟಾಗಿತ್ತು. ಗಿರಿಯಪ್ಪ ಕೈಮುಗಿದ, ಆದರೆ ಕದಲಲಿಲ್ಲ. ಗಾಡಿ ಸಿದ್ಧವಾಗುವವರೆಗೆ ಸಂತೆಗೆ ಹೇಗೆ ಹೋಗಲಿ ಎಂದು ಕೇಳಿದ.

"ವೀರಮಲ್ಲರ ರಥ ಇದೆಯಲ್ಲ," ಎಂದ ಮಾಯಿದೇವ. "ನಿನ್ನ ಎತ್ತು ಕಟ್ಟಿಕೋ."

ವೀರಮಲ್ಲ ರಾಜನ ಕಡೆ ತಿರುಗಿದ. "ಭಾವ, ಕಟ್ಟಳೆ ಮರೆತಿರಾ? ಪರಾಕಿಲ್ಲದೆ ರಥ ಬೀದಿಗಿಳಿಯುವಂತಿಲ್ಲ. ಈ ಕುಂಬಾರನ ಮುಂದೆ ಕೂಗಿಕೊಂಡು ಹೋಗುವವರು ಯಾರು?"

"ಅದಕ್ಕೇಕೆ ಚಿಂತೆ," ಎಂದ ಮಾಯಿದೇವ. "ಎತ್ತುಗಳು ನಿಧಾನ. ಮುಂದೆ ನಡೆಯಲು ತಾವೇ ಸಾಕು."

ರಾಜ ಹೊಟ್ಟೆ ಹಿಡಿದುಕೊಂಡು ನಕ್ಕು, ಹಾಗೇ ಆಗಲಿ ಎಂದ.

ಮುಂದಿನ ಸಂತೆಗೆ ಮೊದಲೇ ಗಿರಿಯಪ್ಪನ ಮನೆಯ ಮುಂದೆ ಹೊಸ ಗಾಡಿ ನಿಂತಿತ್ತು.