ನೆಲಸೀತಾಳೆ ಮಣ್ಣು ಬಿಟ್ಟು ಹೋಗದ್ದು ಯಾಕೆ

ಆಗಿನ್ನೂ ಭೂಮಿ ಹೊಸದು, ಮಗಾ. ಯಾವ ಕಡೆ ಹರಿಯಬೇಕು ಅಂತ ಹೊಳೆಗೆ ಗೊತ್ತಿರಲಿಲ್ಲ. ಎಲ್ಲಿ ನಿಲ್ಲಬೇಕು ಅಂತ ಮೋಡಕ್ಕೆ ಗೊತ್ತಿರಲಿಲ್ಲ.

ಆ ಕಾಲದಲ್ಲಿ ಬೆಟ್ಟದ ಮೇಲೆ ಸೀತಾಳೆ ಹೂಗಿಡಗಳಿಗೆಲ್ಲ ತಾಯಿಯಾದ ಸೀತಾಳೆ ತಾಯಿ ಇದ್ದಳು. ಅವಳಿಗೆ ಲೆಕ್ಕವಿಲ್ಲದಷ್ಟು ಮಕ್ಕಳು. ಎಲ್ಲರೂ ಧೂಳಿನಷ್ಟು ಸಣ್ಣ ಬೀಜಗಳು.

ಅವರೆ ಗಿಡ, ಹಲಸಿನ ಮರ ತಮ್ಮ ಬೀಜಗಳಿಗೆ ಬುತ್ತಿ ಕಟ್ಟಿ ಕಳಿಸುತ್ತಿದ್ದವು. ಸೀತಾಳೆ ತಾಯಿ ಅಷ್ಟೊಂದು ಮಕ್ಕಳಿಗೆ ಎಲ್ಲಿಂದ ಬುತ್ತಿ ತರಬೇಕು?

"ಗಾಳಿಯಪ್ಪಾ, ಬರಿಗೈಲಿ ಕಳಿಸ್ತಾ ಇದ್ದೀನಿ. ನನ್ನ ಮಕ್ಕಳನ್ನ ಒಳ್ಳೆ ಕಡೆ ಸೇರಿಸು" ಎಂದು ಬೇಡಿಕೊಂಡಳು.

ಗಾಳಿ ಜೋಪಾನವಾಗಿ ಎತ್ತಿಕೊಂಡು ಹೊರಟಿತು. ಅಕ್ಕಂದಿರನ್ನೆಲ್ಲ ದೊಡ್ಡ ಮರಗಳ ಕೊಂಬೆಯ ಮೇಲೆ ಕೂರಿಸಿತು. ಕಿರಿಯವಳು ಮಾತ್ರ ಕೈಜಾರಿ ಬೆಟ್ಟದ ನೆತ್ತಿಯ ಹುಲ್ಲಿನೊಳಗೆ ಬಿದ್ದಳು.

ಅವಳಿಗೆ ಹಸಿವು. "ಹುಲ್ಲಕ್ಕಾ, ಏನಾದರೂ ಕೊಡ್ತೀಯಾ?"

"ನನಗೇ ಸಾಲದು ಕಣೇ" ಎಂದಿತು ಹುಲ್ಲು.

"ಕಲ್ಲಣ್ಣಾ, ಏನಾದರೂ ಕೊಡ್ತೀಯಾ?"

"ನಾನು ಉಂಡಿದ್ದೇ ಇಲ್ಲ. ನಿನಗೆ ಏನು ಕೊಡಲಿ?" ಎಂದಿತು ಕಲ್ಲು.

ಕಿರಿಯವಳು ಅತ್ತಳು. ಆಗ ಮಣ್ಣಿನೊಳಗಿಂದ ಒಂದು ಮೆತ್ತನೆಯ ದನಿ ಕೇಳಿತು. "ಯಾರದು ಅಳೋದು? ಕೆಳಗೆ ಬಾ ಕಂದಾ."

ಅದು ನೂಲಜ್ಜಿ. ಮಳೆ ಬಂದಾಗ ಅಣಬೆ ಏಳುತ್ತಲ್ಲ, ಅದರ ಬುಡದಲ್ಲಿ ಮಣ್ಣೊಳಗೆ ಹರಡಿರುವ ಬಿಳಿ ಎಳೆಗಳೇ ನೂಲಜ್ಜಿ. ಅವಳು ಹುಟ್ಟಿದ್ದೂ ಕತ್ತಲಲ್ಲಿ, ಬಾಳಿದ್ದೂ ಕತ್ತಲಲ್ಲಿ. ಉದುರಿದ ಎಲೆ, ಒಣಗಿದ ಬೇರುಗಳಿಂದ ಒಂದಿಷ್ಟು ಸಾರ ತೆಗೆದು ಬದುಕುತ್ತಿದ್ದಳು.

ನೂಲಜ್ಜಿ ಕಿರಿಯವಳನ್ನು ಎಳೆಗಳಲ್ಲಿ ಸುತ್ತಿಕೊಂಡಳು. ತನ್ನ ಪಾಲಿನದರಲ್ಲೇ ತುಸು ತುಸು ಉಣಿಸಿದಳು. ಕಿರಿಯವಳಿಗೆ ಬೇರು ಬಂತು, ಎಲೆ ಬಂತು, ಕೊನೆಗೆ ಕಡ್ಡಿಯ ತುಂಬ ಬಿಳಿ ಹೂವು ಬಂತು. ಹಾರಲು ಸಿದ್ಧವಾದ ಪುಟ್ಟ ಹಕ್ಕಿಗಳಂಥ ಹೂವು.

ಮಳೆ ಹೋಯಿತು. ಬಿಸಿಲು ಬಂತು, ಹುಲ್ಲು ಒಣಗಿತು. ಒಂದು ಮಧ್ಯಾಹ್ನ ಗಾಳಿ ಏದುಸಿರು ಬಿಡುತ್ತ ಓಡಿ ಬಂತು.

"ಕಿರಿಯವಳೇ, ಕೆಳಗಿನಿಂದ ಕಾಳ್ಗಿಚ್ಚು ಹತ್ತಿ ಬರ್ತಾ ಇದೆ! ಬೇರು ಸಡಿಲ ಮಾಡು, ನಿನ್ನನ್ನ ಎತ್ತಿಕೊಂಡು ಹೋಗಿ ಅಕ್ಕಂದಿರ ಹತ್ತಿರ ಕೂರಿಸ್ತೀನಿ."

"ನೂಲಜ್ಜಿನೂ ಬರಬಹುದಾ?"

"ಅವಳು ಮಣ್ಣಿನವಳು. ಮೇಲೆ ಬಂದರೆ ಒಣಗಿ ಹೋಗ್ತಾಳೆ."

ನೂಲಜ್ಜಿ ಮಣ್ಣೊಳಗಿಂದ ಹೇಳಿದಳು, "ಹೋಗು ಕಂದಾ. ನನ್ನ ಚಿಂತೆ ಮಾಡಬೇಡ." ಹೇಳುತ್ತಲೇ ತನ್ನ ಎಳೆಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು.

ಹೊಗೆ ಹತ್ತಿರ ಬಂತು. ಕಡವೆಗಳು ದಡದಡನೆ ಓಡಿ ಹೋದವು. ಕಿರಿಯವಳು ನಡುಗಿದಳು. ಆದರೂ ಅಜ್ಜಿ ಬಿಡಿಸುತ್ತಿದ್ದ ಎಳೆಗಳನ್ನೇ ಬೇರಿನಿಂದ ಗಟ್ಟಿಯಾಗಿ ಹಿಡಿದುಕೊಂಡಳು.

"ನಾನು ಬರಲ್ಲ ಗಾಳಿಯಪ್ಪಾ."

ನೂಲಜ್ಜಿ ಬಿಡಿಸಿದ ಎಳೆಗಳನ್ನು ಮತ್ತೆ ಅವಳಿಗೆ ಸುತ್ತಿದಳು. "ಹಾಗಾದರೆ ಬೇಗ ಒಳಗೆ ಬಾ. ಎಲೆಯ ಸಾರ, ಕಡ್ಡಿಯ ಸಾರ, ಎಲ್ಲ ಕೆಳಗೆ ಇಳಿಸು."

"ನನ್ನ ಎಲೆ? ನನ್ನ ಕಡ್ಡಿ?"

"ಸುಟ್ಟರೆ ಸುಡಲಿ. ನೀನು ಉಳಿದರೆ ಮತ್ತೆ ಬರ್ತಾವೆ."

ಕಿರಿಯವಳು ಇದ್ದಬದ್ದ ಸಾರವನ್ನೆಲ್ಲ ಕೆಳಗಿಳಿಸಿ ಒಂದು ಪುಟ್ಟ ಗೆಡ್ಡೆಯಾದಳು. ಬೆಂಕಿ ಅವರ ನೆತ್ತಿಯ ಮೇಲೆ ಚಟಪಟ ಅನ್ನುತ್ತ ದಾಟಿ ಹೋಯಿತು. ಕೆಳಗೆ ಮಣ್ಣು ಬೆಚ್ಚಗಾಯಿತು, ಅಷ್ಟೇ.

ಕತ್ತಲಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಅಪ್ಪಿಕೊಂಡು ಮಲಗಿದರು. ಆಗ ನೂಲಜ್ಜಿ ಸಂಕೋಚದಿಂದ ಕೇಳಿದಳು, "ಕಂದಾ, ಬೆಳಕು ಅಂತಾರಲ್ಲ, ಅದು ಹೇಗಿರುತ್ತೆ?"

ಕಿರಿಯವಳು ಹೇಳಿದಳು. ಬೆಳಗಿನ ಮಂಜು ಬಿಸಿಲಿಗೆ ಹೊನ್ನಿನ ಬಣ್ಣ ತಾಳುವುದನ್ನು ಹೇಳಿದಳು. ಸಂಜೆ ದೊಡ್ಡ ಪತಂಗ ಬಂದು ಉದ್ದ ಸೊಂಡಿಲು ಚಾಚಿ ಜೇನು ಕುಡಿಯುವುದನ್ನು ಹೇಳಿದಳು. ನೂಲಜ್ಜಿ ಉಸಿರು ಬಿಗಿಹಿಡಿದು ಕೇಳಿದಳು.

"ಇನ್ನೂ ಹೇಳು" ಅಂದಳು.

"ನೋಡಿದ್ದೆಲ್ಲ ಮುಗೀತಲ್ಲ ಅಜ್ಜಿ. ಮಳೆ ಬರಲಿ, ಹೋಗಿ ನೋಡಿಕೊಂಡು ಬರ್ತೀನಿ."

ಹಾಗೆ ಶುರುವಾಯಿತು ಮಗಾ, ಮಳೆಗೆ ಅವಳು ಮೇಲೆ ಹೋಗಿ ನೋಡೋದು, ಬಿಸಿಲಿಗೆ ಕೆಳಗಿಳಿದು ಅಜ್ಜಿಗೆ ಹೇಳೋದು. ಅದಕ್ಕೇ ನೆಲಸೀತಾಳೆಯನ್ನು ಯಾರಾದರೂ ಕಿತ್ತು ತಂದು ಕುಂಡದಲ್ಲಿ ನೆಟ್ಟರೆ ಬಾಡಿ ಹೋಗುತ್ತದೆ. ಅದಕ್ಕೇ ಮಳೆಗಾಲದಲ್ಲಿ ಬೆಟ್ಟದ ಹುಲ್ಲಿನ ನಡುವೆ ನಿನ್ನ ಮೊಣಕಾಲೆತ್ತರಕ್ಕೆ ಬಿಳಿ ಹೂವಾಗಿ ನಿಂತು ಸುತ್ತಲೂ ನೋಡುವ ಅವಳು, ಬಿಸಿಲು ಬಂದ ಮೇಲೆ ನೀನು ಎಷ್ಟು ಹುಡುಕಿದರೂ ಸಿಗುವುದಿಲ್ಲ.