ನಿಂಬೆವ್ವನ ಬೋನು

ಹೊಳೆ ದಂಡೆಯ ಆ ಆಶ್ರಮದಲ್ಲಿ ಇಲಿಗಳನ್ನು ಕೊಲ್ಲುತ್ತಿರಲಿಲ್ಲ. ಉಗ್ರಾಣದಲ್ಲಿ ಬೋನು ಇಡುತ್ತಿದ್ದರು. ಸುಟ್ಟ ಕೊಬ್ಬರಿಯ ವಾಸನೆಗೆ ಇಲಿ ಒಳಗೆ ಬರುತ್ತಿತ್ತು, ಬಾಗಿಲು ಬೀಳುತ್ತಿತ್ತು. ಬೆಳಿಗ್ಗೆ ಯಾರಾದರೂ ಆ ಬೋನನ್ನು ಎತ್ತಿಕೊಂಡು ಹೊಳೆ ದಾಟಿ, ಆಚೆ ದಂಡೆಯಲ್ಲಿ ಬಾಗಿಲು ತೆಗೆದು ಬರಬೇಕು.

ಬಿಟ್ಟ ಇಲಿಗಳೇ ಮತ್ತೆ ಬರುತ್ತವೆ ಎಂದು ಅಡುಗೆಯವರು ಗೊಣಗುತ್ತಿದ್ದರು. ಬಂದರೆ ಮತ್ತೆ ಬಿಟ್ಟು ಬರುವುದು, ಅಷ್ಟೇ.

ಈ ಕೆಲಸ ಅಡಿವೆಪ್ಪನದು. ಇನ್ನೂ ಮೂವತ್ತು ದಾಟದ ಮನುಷ್ಯ. ತಂಗಿ ಹೋದ ಮೇಲೆ ಒಂದು ಚೀಲ ಹಿಡಿದು ಬಂದವನು ಇಲ್ಲೇ ಉಳಿದಿದ್ದ. ಉಪದೇಶ ಕೊಡಿ ಎಂದು ಗುರುಗಳ ಕಾಲು ಹಿಡಿದಿದ್ದ. ಅವರು ಕೊಟ್ಟದ್ದು ಈ ಬೋನು.

ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಅವರ ಕಣ್ಣಿಗೆ ಪೊರೆ ಬಂದಿತ್ತು. ಅಕ್ಷರ ಕಾಣುತ್ತಿರಲಿಲ್ಲ, ಮನುಷ್ಯರು ಕಾಣುತ್ತಿದ್ದರು.

ಆಶ್ರಮದಲ್ಲಿ ಮೊಬೈಲು ಬೇಡವೆಂದು ಯಾರೂ ಹೇಳಿರಲಿಲ್ಲ. ಆ ಕೆಲಸವನ್ನು ಸಿಗ್ನಲ್ಲೇ ಮಾಡುತ್ತಿತ್ತು. ಅದು ಸಿಗುತ್ತಿದ್ದುದು ಸ್ನಾನಘಟ್ಟದ ಮೇಲಿನ ಮೆಟ್ಟಿಲಲ್ಲಿ ಮಾತ್ರ. ಅಡಿವೆಪ್ಪ ದಿನದ ಬಹುಪಾಲು ಅಲ್ಲಿ ತಲೆ ತಗ್ಗಿಸಿ ಕೂತಿರುತ್ತಿದ್ದ. ಜಪ ಮಾಡುತ್ತಿದ್ದಾನೆ ಎಂದುಕೊಂಡ ಭಕ್ತರು ಅವನಿಗೂ ಒಂದು ಕೈಮುಗಿದು ಹೋಗುತ್ತಿದ್ದರು.

ಒಂದು ಬೆಳಿಗ್ಗೆ ಗುರುಗಳು ಕೇಳಿದರು.

“ಬೋನಿಗೆ ಏನರ ಬಿದ್ದೈತೇನು?”

“ಇಲ್ರಿ ಅಜ್ಜಾರ.”

ಮರುದಿನವೂ ಕೇಳಿದರು.

“ಏನೂ ಇಲ್ರಿ.”

ಅದರ ಮರುದಿನ ಅವರು ಕೇಳಲಿಲ್ಲ. ಅವನ ಭುಜ ಹಿಡಿದುಕೊಂಡು ಉಗ್ರಾಣಕ್ಕೆ ನಡೆದರು. ಬಾಗಿಲಲ್ಲೇ ವಾಸನೆ ಬಂತು.

ಬೋನಿನಲ್ಲಿ ಇಲಿ ಸತ್ತು ಬಿದ್ದಿತ್ತು. ಗುರುಗಳು ಕೂತು ಬೆರಳಾಡಿಸಿ ನೋಡಿದರು. ಕೊಬ್ಬರಿ ಚೂರು ಕೊಕ್ಕೆಯಲ್ಲಿ ಹಾಗೇ ಇತ್ತು. ಬಾಗಿಲ ಮೂಲೆಯ ತಂತಿಯನ್ನು ಇಲಿ ಕಚ್ಚಿ ಕಚ್ಚಿ ಸವೆಸಿತ್ತು.

“ತಿನ್ನಾಕ ಇತ್ತು,” ಅಂದರು ಗುರುಗಳು. “ತೆಗಿಯೋರು ಇರಲಿಲ್ಲ.”

ಅವರು ಅಡಿವೆಪ್ಪನ ಕಡೆ ತಿರುಗಿದರು.

“ನೋಡಿ ಹೇಳಿದ್ಯೋ, ನೋಡಲಾರದ ಹೇಳಿದ್ಯೋ?”

“ನೋಡಲಾರದ ಹೇಳೀನ್ರಿ.”

ಉಗ್ರಾಣದ ಹಿಂದೆ ಗುಂಡಿ ತೋಡಲು ಹೇಳಿದರು. ಅಂಗೈಯಷ್ಟು ಗುಂಡಿ. ಅದಕ್ಕೆ ಅವನು ಬಹಳ ಹೊತ್ತು ತೆಗೆದುಕೊಂಡ. ಮಣ್ಣು ಮುಚ್ಚಿದ ಮೇಲೂ ಅದನ್ನು ಅಂಗೈಯಿಂದ ತಟ್ಟುತ್ತಲೇ ಇದ್ದ. ಇಲಿಗಾಗಿ ಮಾತ್ರ ಅಷ್ಟು ತಟ್ಟಬೇಕಿರಲಿಲ್ಲ. ಗುರುಗಳು ಅದನ್ನು ನೋಡಿದರು.

“ದಿನಾ ಮೆಟ್ಟಲ ಮ್ಯಾಲ ಕುಂತು ಏನ್ ಮಾಡ್ತೀ?”

“ಆಟ ಆಡ್ತೀನ್ರಿ. ಮೊಬೈಲ್‌ನ್ಯಾಗ.”

“ಎಂಥಾ ಆಟ?”

ಅಡಿವೆಪ್ಪ ನೆಲ ನೋಡಿದ.

“ಇಲಿ ಹಿಡಿಯೋದ್ರಿ.”

ಗುರುಗಳಿಗೆ ನಗು ಬಂದಿರಬೇಕು. ತೋರಿಸಲಿಲ್ಲ.

“ಇಲ್ಲಿನ ಇಲಿ ಸಾಲಲಿಲ್ಲೇನು? ನಡಿ, ನನಗೂ ಕಲಿಸು.”

ಇಬ್ಬರೂ ಮೇಲಿನ ಮೆಟ್ಟಿಲಲ್ಲಿ ಕೂತರು. ಹೊಳೆಯಲ್ಲಿ ನೀರು ಕಡಿಮೆಯಿತ್ತು. ಬಂಡೆಗಳ ಬೆನ್ನು ಕಾಣುತ್ತಿತ್ತು.

“ಬೋನು ಆರಿಸ್ಕೋಬೇಕ್ರಿ,” ಅಡಿವೆಪ್ಪ ಶುರುಮಾಡಿದ. “ಅದರ ಕೆಳಗ ಒಂದು ಹಲಗಿ. ಒಳಗ ತಿನಿಸು. ಒಂದೊಂದು ಇಲಿಗೆ ಒಂದೊಂದು ರುಚಿ. ಸಾದಾ ತಿನಿಸಿಗೆ ಸಾದಾ ಇಲಿ ಬರತಾವ. ದೊಡ್ಡ ಇಲಿ ಬೇಕಂದ್ರ ಬ್ಯಾರೇ ತಿನಿಸು. ಅದನ್ನ ನಾವ ತಯಾರು ಮಾಡ್ಬೇಕು.”

“ಎದರಿಂದ ಮಾಡ್ತೀರಿ?”

“ಸಣ್ಣ ಇಲಿ ಸಿಕ್ಕಾಗ ಏನೇನೋ ಚೂರು ಸಿಗತಾವ್ರಿ. ಅವನ್ನ ಕೂಡಿಸಿ ಮಾಡೋದು.”

“ಅಂದ್ರ ಹಿಡಿದದ್ದೆಲ್ಲಾ ಮತ್ತ ಹಿಡಿಯಾಕ ಹೋಗತೈತಿ.”

“ಹೌದ್ರಿ.”

“ಮುಂದ?”

“ಕೊಂಬು ಊದಬೇಕು. ಕಾಲು ತಾಸಿಗೊಮ್ಮೆ ಊದಾಕ ಬರತೈತಿ, ಅದಕಿಂತ ಮೊದಲ ಊದಾಕ ಬರೂದಿಲ್ಲ. ಊದಿದ್ರ ಇಲಿ ಬಂದ್ರ ಬಂತು, ಇಲ್ಲಂದ್ರ ಇಲ್ಲ. ಬಂದ್ರೂ ಸಿಗತೈತಂತ ಹೇಳಾಕ ಆಗೂದಿಲ್ಲ. ಬೋನಿನ ಬಲ ಸಾಲಲಿಲ್ಲಂದ್ರ ತಿನಿಸು ತಿಂದು ಓಡಿ ಹೋಗತೈತಿ.”

“ಊದೋದು ಮರತ್ರ?”

“ತಾಸಿಗೊಮ್ಮೆ ಬೋನು ತಾನ ನೋಡ್ಕೊಂತೈತ್ರಿ. ನಾವು ಇರಬೇಕಂತಿಲ್ಲ.”

ಗುರುಗಳು ಉಗ್ರಾಣದ ಕಡೆ ಒಮ್ಮೆ ಮುಖ ತಿರುಗಿಸಿದರು. ಅಡಿವೆಪ್ಪನಿಗೆ ಅಷ್ಟೇ ಸಾಕಾಯಿತು. ಮೊಬೈಲನ್ನು ಮಡಿಲಲ್ಲಿ ಮಗುಚಿಟ್ಟ.

“ಹೇಳು, ಹೇಳು. ಒಬ್ಬರ ಆಡೋ ಆಟೇನು?”

“ಅಲ್ರಿ, ಗುಂಪು ಇರತೈತಿ. ಒಬ್ಬರು ಕೊಂಬು ಊದಿದ್ರ ಗುಂಪಿನ ಎಲ್ಲಾರ ಬೋನಿಗೂ ಬೇಟೆ ಬರತೈತಿ. ತಿನಿಸು ಕಡಿಮಿ ಬಿದ್ರ ಒಬ್ರಿಗೊಬ್ರು ಕಳಿಸ್ತಾರ. ಯಾರೂ ಯಾರ ಮುಖಾ ನೋಡಿಲ್ಲ, ಖರೇ ಹೆಸರೂ ಗೊತ್ತಿಲ್ಲ. ‘ಹಿತ್ತಲ ಬೆಕ್ಕು’ ಅಂತ ಒಬ್ಬರು ಹೆಣ್ಣುಮಗಳು ಅದಾರ. ಒಂದು ದಿನಾ ತಪ್ಪಸೂದಿಲ್ಲ, ಊದತಾರ.”

“ನಿನ್ನ ಹೆಸರೇನು ಅಲ್ಲಿ?”

ಅಡಿವೆಪ್ಪ ಮೊಬೈಲನ್ನು ಮಗ್ಗುಲಾಗಿ ಹಿಡಿದ, ಮತ್ತೆ ನೆಟ್ಟಗೆ ಹಿಡಿದ.

“‘ಹಾಸಿಗಿ ರಾಣಿ’.”

“ನಿನಗ ಹೊಂದೂದಿಲ್ಲಲ್ಲೋ.”

“ನಂದಲ್ರಿ. ನಿಂಬೀದು. ತಂಗೀದು.”

ಗುರುಗಳು ಕಾದರು. ಅವನು ಹೇಳಿದ. ಒಂದೇ ಸಲಕ್ಕೆ ಹೇಳಲಾಗಲಿಲ್ಲ, ನಿಂತು ನಿಂತು ಹೇಳಿದ.

ನಿಂಬೆವ್ವನ ಎರಡೂ ಮೂತ್ರಪಿಂಡ ಕೆಟ್ಟಿದ್ದವು. ಕಿಟಕಿಯ ಪಕ್ಕದ ಹಾಸಿಗೆಯೇ ಅವಳ ಲೋಕವಾಗಿತ್ತು. ಕಾಲು ತಾಸಿಗೊಮ್ಮೆ ಒಂದು ಬೆರಳು ಎತ್ತಿದರೆ ಸಾಕೆನ್ನುವ ಆಟ ಅವಳಿಗೆ ಹೇಳಿ ಮಾಡಿಸಿದಂತಿತ್ತು. ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು ಯಾವ ಇಲಿಗೆ ಯಾವ ತಿನಿಸು ಎಂದು ಪಾಠ ಹೇಳುತ್ತಿದ್ದಳು. ತಪ್ಪು ತಿನಿಸು ಇಟ್ಟರೆ ಬೈಯುತ್ತಿದ್ದಳು.

ಬೆಳ್ಳಿಕಿವಿ ಎಂಬ ಒಂದು ಇಲಿಯಿತ್ತು. ಎಲ್ಲ ಇಲಿಗಳಿಗಿಂತ ಅಪರೂಪದ್ದು. ಅದಕ್ಕಾಗಿ ಅವಳು ತಿಂಗಳುಗಟ್ಟಲೆ ಚೂರು ಕೂಡಿಸಿ ಒಂದು ತುಂಡು ತಿನಿಸು ತಯಾರಿಸಿದ್ದಳು. ಮೂತ್ರಪಿಂಡ ಬದಲಿಸುವ ಆಪರೇಶನ್ ಮುಗಿಸಿ ಮನೆಗೆ ಬಂದ ದಿನ ಇಡುತ್ತೇನೆ ಎನ್ನುತ್ತಿದ್ದಳು. ಆ ದಿನ ಬರಲಿಲ್ಲ.

“ಮಣ್ಣು ಮಾಡಿ ಬಂದು ಕುಂತಿದ್ದೆರಿ. ಅಕಿ ಮೊಬೈಲ್ ಟಿಣ್ ಅಂತು. ಗುಂಪಿನ್ಯಾಗ ಯಾರೋ ಕೊಂಬು ಊದಿದ್ರು. ಹಾಸಿಗಿ ರಾಣಿ ಬೋನಿಗೆ ಒಂದು ಇಲಿ ಬಿತ್ತು ಅಂತ ಬಂದಿತ್ತು.”

ಅವನು ಮೊಬೈಲಿನ ಪರದೆಯನ್ನು ಹೆಬ್ಬೆರಳಿನಿಂದ ಒರೆಸಿದ.

“ಅಕಿ ಇನ್ನೂ ಹಿಡಿಯಾಕತ್ತಿದ್ಲು ಅಜ್ಜಾರ. ಒಳಗ ಅಕಿ ಇಟ್ಟ ತಿನಿಸು ಉಳದಿತ್ತು. ಅದು ಮುಗಿಯೂದ್ರಾಗ ನಾ ಮತ್ತ ಇಟ್ಟೆ. ಅವತ್ತಿನಿಂದ ಇಡಕೋಂತ ಬಂದೀನಿ.”

“ಇಡದಿದ್ರ ಏನಾಗತೈತಿ?”

“ಅಕಿ ಹೆಸರಿನ ಕೆಳಗ ‘ಬೋನು ಖಾಲಿ’ ಅಂತ ಬರತೈತ್ರಿ. ಎಷ್ಟು ಕೊಂಬು ಊದಿದ್ರೂ ಅಕಿ ಕಡೆ ಏನೂ ಬರೂದಿಲ್ಲ. ಆಮ್ಯಾಲ ನಿಂಬಿ ಎಲ್ಲೂ ಇರೂದಿಲ್ರಿ.”

ಸಮಾಧಾನದ ಮಾತು ಗುರುಗಳಿಗೆ ಗೊತ್ತಿರಲಿಲ್ಲವೆಂದಲ್ಲ. ಆಡಲಿಲ್ಲ.

“ಗುಂಪಿನವ್ರಿಗೆ ಗೊತ್ತೈತೇನು?”

“ಇಲ್ರಿ. ಹಿತ್ತಲ ಬೆಕ್ಕು ಅವ್ರು ಒಮ್ಮೆ ಕೇಳಿದ್ರು, ಹೇಗಿದ್ದೀಯೇ ರಾಣಿ ಅಂತ.”

“ನೀ ಏನಂದಿ?”

“ಆರಾಮ ಅದೀನಿ ಅಂತ ಬರದೆ.”

“ಬೋನಿನ್ಯಾಗ ಏನೂ ಇಲ್ರಿ ಅಂದಂಗ.”

ಅಡಿವೆಪ್ಪ ತಟ್ಟನೆ ಎದ್ದು ನಿಂತ. ಮೊಬೈಲು ಹಿಡಿದ ಕೈ ಮೇಲೆತ್ತಿದ.

“ಒಗದು ಬಿಡ್ತೀನ್ರಿ ಇದನ್ನ ಹೊಳಿಗೆ.”

“ಹೊಳಿ ಏನ್ ತಪ್ಪು ಮಾಡೈತಿ?”

ಅವನ ಕೈ ಇಳಿಯಿತು. ಮತ್ತೆ ಕೂತ.

“ಆ ಒಂದು ತುಂಡು ತಿನಿಸು, ಅಕಿ ಮಾಡಿಟ್ಟದ್ದು, ಈಗ ಎಲ್ಲೈತಿ?”

“ಆಟದ ಚೀಲದಾಗ ಹಂಗ ಐತ್ರಿ. ಬೋನಿನ್ಯಾಗ ಇಟ್ರ ಹಳಸಬಹುದು. ಚೀಲದಾಗ ಎಷ್ಟು ದಿನಾ ಇದ್ರೂ ಕೆಡೂದಿಲ್ಲ.”

“ಅಕಿ ಎದಕ್ಕ ಮಾಡಿಟ್ಟಿದ್ಲು?”

“ಬೆಳ್ಳಿಕಿವಿ ಬರಲಿ ಅಂತ.”

“ನೀ ಎದಕ್ಕ ಇಟ್ಟೀ?”

ಅಡಿವೆಪ್ಪ ಪರದೆಯ ಮೇಲಿನ ಆ ತುಂಡನ್ನೇ ನೋಡಿದ. ತಲೆಯೆತ್ತಿದಾಗ ಗುರುಗಳು ಗೋಡೆ ಹಿಡಿದುಕೊಂಡು ಮೆಲ್ಲಗೆ ಆಶ್ರಮದ ಕಡೆ ಹೋಗುತ್ತಿದ್ದರು.

ಆಮೇಲೆ ಅವರು ಆ ಮಾತು ಎತ್ತಲಿಲ್ಲ.

ಅಡಿವೆಪ್ಪ ದಿನಾ ಬೆಳಿಗ್ಗೆ ಉಗ್ರಾಣದ ಬೋನು ನೋಡತೊಡಗಿದ. ಬಿದ್ದ ಇಲಿಯನ್ನು ಹೊಳೆ ದಾಟಿಸಿ ಬಿಟ್ಟು ಬರುತ್ತಿದ್ದ. ಬಾಗಿಲು ತೆಗೆದರೂ ಕೆಲವು ಇಲಿ ಹೊರಗೆ ಬರುತ್ತಿರಲಿಲ್ಲ. ಮೂಲೆಗೆ ಒತ್ತಿಕೊಂಡು ಕೂತಿರುತ್ತಿದ್ದವು. ಅವಕ್ಕಾಗಿ ಅವನು ಮರಳಲ್ಲಿ ಕೂತು ಕಾಯುತ್ತಿದ್ದ.

ಮೊಬೈಲಿನಲ್ಲಿ ಸಾದಾ ತಿನಿಸು ಮುಗಿಯುತ್ತ ಬಂತು. ಅವನು ಹೊಸದನ್ನು ಕೂಡಿಸಲಿಲ್ಲ. ಕೂಡಿಸುವುದಿಲ್ಲ ಎಂದು ನಿರ್ಧಾರವನ್ನೂ ಮಾಡಲಿಲ್ಲ. ಪ್ರತಿ ಸಂಜೆ ಮೆಟ್ಟಿಲಿಗೆ ಹೋಗಿ ಇನ್ನೆಷ್ಟು ಉಳಿದಿದೆ ಎಂದು ನೋಡುತ್ತಿದ್ದ. ಕಾಯಿಲೆಯವರ ಹತ್ತಿರ ಕೂತವರು ಸಲೈನ್ ಬಾಟಲಿ ನೋಡುವ ಹಾಗೆ ನೋಡುತ್ತಿದ್ದ. ಊಟ ಸೇರುತ್ತಿರಲಿಲ್ಲ. ಯಾರ ಜೊತೆಗೂ ಮಾತಿಲ್ಲ. ಇವನೂ ಹಾಸಿಗೆ ಹಿಡಿಯುತ್ತಾನೆ ಎಂದು ಅಡುಗೆಯವರು ಗುರುಗಳಿಗೆ ಹೇಳಿದರು. ಗುರುಗಳು ತಲೆಯಾಡಿಸಿದರು, ಅಷ್ಟೇ.

ಒಂದು ಸಂಜೆ ಅವನೇ ಬಂದು ಬಾಗಿಲಲ್ಲಿ ನಿಂತ.

“ಅಜ್ಜಾರ, ಸಾದಾದ್ದು ಮುಗೀತ್ರಿ.”

“ಹೂಂ.”

“ನನ್ನ ಸಂಗಾಟ ಬಂದು ಕೂಡ್ತೀರೇನು?”

ಗುರುಗಳು ಅವನ ಭುಜ ಹಿಡಿದುಕೊಂಡು ಬಂದು ಮೆಟ್ಟಿಲಲ್ಲಿ ಕೂತರು.

ಅವನು ಮೊದಲು ಗುಂಪಿಗೆ ಬರೆಯಲು ಹೊರಟ.

“ನನಗ ಕಾಣೂದಿಲ್ಲ,” ಅಂದರು ಗುರುಗಳು. “ಓದಿಕೋಂತ ಬರಿ.”

ಅವನು ಒಂದೊಂದೇ ಮಾತನ್ನು ಬಾಯಲ್ಲಿ ಹೇಳಿಕೊಂಡು ಬರೆದ.

“ನಾನು ರಾಣಿಯ ಅಣ್ಣ. ಅವಳ ಹೆಸರು ನಿಂಬೆವ್ವ. ಅವಳು...”

ಮುಂದಿನ ಮಾತು ಬರಲು ಹೊತ್ತು ಹಿಡಿಯಿತು. ಗುರುಗಳು ಅವಸರ ಮಾಡಲಿಲ್ಲ. ಆಚೆ ದಂಡೆಯಲ್ಲಿ ಯಾರೋ ಎಮ್ಮೆಗಳನ್ನು ಹೊಡೆದುಕೊಂಡು ಹೋದರು.

“ಅವಳು ತೀರಿಕೊಂಡು ವರ್ಷವಾಗುತ್ತ ಬಂತು. ಇಷ್ಟು ದಿನ ಅವಳ ಬೋನಿಗೆ ತಿನಿಸು ಇಡುತ್ತಿದ್ದವನು ನಾನು. ಆರಾಮ ಎಂದು ಬರೆದವನೂ ನಾನೇ. ತಪ್ಪಾಯಿತು.”

ಕಳಿಸಿದ. ಆಮೇಲೆ ಆಟದ ಚೀಲದಿಂದ ನಿಂಬೆವ್ವನ ಆ ಒಂದು ತುಂಡನ್ನು ತೆಗೆದು ಬೋನಿನಲ್ಲಿಟ್ಟ. ಕೊಂಬು ಊದಿದ.

“ಏನಾತು?”

“ಬೆಳ್ಳಿಕಿವಿ ಬಂದಿತ್ರಿ.” ಅವನು ಪರದೆಯನ್ನೇ ನೋಡುತ್ತಿದ್ದ. “ಸಿಗಲಿಲ್ಲ. ತಿನಿಸು ತಿಂದು ಹೋತು.”

“ಉಪವಾಸ ಹೋಗಲಿಲ್ಲ ಬಿಡು.”

ತಂಗಿಯ ಹೆಸರಿನ ಕೆಳಗೆ ಬೋನು ಖಾಲಿ ಎಂದು ಬಂತು. ವರ್ಷವಿಡೀ ಅವನು ಹೆದರಿದ್ದು ಈ ಎರಡು ಮಾತಿಗೆ. ಸಣ್ಣ ಅಕ್ಷರಗಳಲ್ಲಿತ್ತು. ಅವನು ಅದನ್ನು ಓದಿದ, ಮತ್ತೊಮ್ಮೆ ಓದಿದ. ಅಳು ಬರುತ್ತದೆಂದು ಕಾದ. ಬರಲಿಲ್ಲ. ಎದೆಯಲ್ಲಿ ಏನೂ ಇಲ್ಲದಂತಾಗಿ ಭಯವಾಯಿತು.

ಮೊಬೈಲು ಸದ್ದು ಮಾಡಿತು. ಹಿತ್ತಲ ಬೆಕ್ಕಿನ ಉತ್ತರ.

“ಓದು,” ಅಂದರು ಗುರುಗಳು.

ಅವನು ಓದಿದ.

“ಗೊತ್ತಿತ್ತಪ್ಪ. ರಾಣಿ ಒಂದು ದಿನವೂ ಆರಾಮ ಎಂದವಳಲ್ಲ. ಹೇಗಿದ್ದೀಯೆ ಅಂದರೆ ಸಾಕು, ಸೂಜಿಯನ್ನು ಬೈಯುವಳು, ಡಾಕ್ಟರನ್ನು ಬೈಯುವಳು, ಉಪ್ಪಿಲ್ಲದ ಸಾರನ್ನು ಬೈಯುವಳು. ಆರಾಮ ಎಂದು ಬಂದ ದಿನವೇ ನಮಗೆಲ್ಲ ತಿಳಿಯಿತು. ಆ ಕಡೆ ಕೂತಿರುವುದು ಯಾರೆಂದು ಮಾತ್ರ ತಿಳಿಯಲಿಲ್ಲ. ಯಾರೇ ಇರಲಿ, ಒಬ್ಬರೇ ಇದ್ದಾರೆ ಅನ್ನಿಸಿತು. ಅದಕ್ಕೇ ದಿನಾ ಕೊಂಬು ಊದುತ್ತಿದ್ದೆವು.”

ಕೊನೆಯ ಮಾತನ್ನು ಅವನಿಗೆ ಪೂರ್ತಿ ಓದಲಾಗಲಿಲ್ಲ. ಆಗ ಅಳು ಬಂತು. ಮಣ್ಣು ಮಾಡಿದ ದಿನ ಬಾರದೆ ಉಳಿದದ್ದೆಲ್ಲ ಬಂತು. ಮೊಬೈಲು ಜಾರಿ ಕೆಳಗಿನ ಮೆಟ್ಟಿಲಿಗೆ ಬಿತ್ತು. ಅವನು ಎತ್ತಿಕೊಳ್ಳಲಿಲ್ಲ.

ಗುರುಗಳು ಅವನ ಬೆನ್ನು ಸವರಲಿಲ್ಲ. ಪಕ್ಕದಲ್ಲಿ ಕೂತಿದ್ದರು.

ಬೆಳಕು ಇಳಿಯುತ್ತ ಬಂದಾಗ ಅವನು ಮುಖ ಒರೆಸಿಕೊಂಡ.

“ಇನ್ನ ನಾ ಏನ್ ಮಾಡ್ಲಿ ಅಜ್ಜಾರ? ಇಡಾಕ ಏನೂ ಉಳದಿಲ್ಲ.”

ಗುರುಗಳು ಅವನ ಭುಜದ ಮೇಲೆ ಕೈಯೂರಿ ಎದ್ದರು.

“ಉಗ್ರಾಣದ ಬೋನು ನೋಡಿ ಬಾ,” ಅಂದರು. “ಒಳಗ ಇನ್ನೂ ಜೀವ ಇದ್ದೀತು.”