ಸೂರ್ಯನನ್ನು ತೂಗಿದ ಕೋಣೆ

"ಅಜ್ಜಾರ, ತಿಳೀಲಾರದವ ಕ್ಲಾಸಿನ್ಯಾಗ ಯಾಕ ಕುಂಡರಬೇಕ್ರಿ?"

ಕೇಳಿದವನು ಅಡಿವೆಪ್ಪ. ಮಠದ ಪ್ರಸಾದ ನಿಲಯದಲ್ಲಿ ಉಂಡು ಮಲಗಿ, ಎರಡು ಮೈಲಿ ನಡೆದು ವಿಶ್ವವಿದ್ಯಾಲಯಕ್ಕೆ ಹೋಗುವ ಹೊಸ ಹುಡುಗರಲ್ಲಿ ಒಬ್ಬ. ವಿಜ್ಞಾನ ಓದಲು ಬಂದು ಹದಿನಾರು ದಿನವಾಗಿತ್ತು. ಪ್ರಶ್ನೆ ಕೇಳುವ ಮೊದಲೇ ಉತ್ತರವನ್ನೂ ಅವನು ನಿಶ್ಚಯಿಸಿಕೊಂಡಿದ್ದ. ಟ್ರಂಕಿಗೆ ಹಗ್ಗ ಬಿಗಿದು ತಂದು ಬಾಗಿಲ ಹೊರಗೆ ಇಟ್ಟಿದ್ದ. ಹನ್ನೊಂದಕ್ಕೆ ಊರ ಬಸ್ಸು. ಊರಿನಲ್ಲಿ ಭಾವನ ಹಿಟ್ಟಿನ ಗಿರಣಿಯಲ್ಲಿ ಒಂದು ಕೆಲಸ ಕಾದಿತ್ತು. ಹೋಗುವ ಮುಂಚೆ ಪಾದ ಮುಟ್ಟಿ ಹೋಗೋಣವೆಂದು ಬಂದವನ ಬಾಯಿಂದ ಮಾತು ತಾನಾಗಿ ಬಿತ್ತು.

ಮಠದ ಸ್ವಾಮಿಗಳನ್ನು ಆ ಸೀಮೆಯಲ್ಲಿ ಎಲ್ಲರೂ ಅಜ್ಜ ಎಂದೇ ಕರೆಯುತ್ತಾರೆ. ಬೇರೆ ಮಠದ ಅಜ್ಜಂದಿರು ಮರದ ಆವಿಗೆ ಮೆಟ್ಟಿ ಟಕಟಕ ನಡೆದರೆ ಈ ಅಜ್ಜನವರು ಬರಿಗಾಲಲ್ಲೇ ಓಡಾಡುತ್ತಿದ್ದರು. ಹುಡುಗರು ಅದಕ್ಕೆ ತಲೆಗೊಂದು ಕಾರಣ ಕಟ್ಟಿದ್ದರು. ಹರಕೆ ಎಂದು ಒಬ್ಬ, ಕಾಲಿಗೆ ಆಣಿ ಆಗಿದೆ ಎಂದು ಇನ್ನೊಬ್ಬ. ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಅಜ್ಜನವರು ಪಡಸಾಲೆಯಲ್ಲಿ ಬೆಳಗಿನ ಬಿಸಿಲಿಗೆ ಬೆನ್ನು ಕೊಟ್ಟು ಕುಳಿತಿದ್ದರು.

"ಏನ್ ತಿಳಿವಲ್ದು?" ಎಂದರು.

"ಎಲ್ಲಾನೂರಿ. ಸರ್ ಬೋರ್ಡ್ ತುಂಬ ಬರೀತಾರ. ಎಲ್ಲಾರೂ ಗೋಣು ಅಲ್ಲಾಡಸ್ತಾರ. ನಾನೂ ಅಲ್ಲಾಡಸ್ತೀನಿ. ಗೋಣು ನೋಯಾಕತ್ತೈತಿ, ಒಳಗ ಮಾತ್ರ ಏನೂ ಇಳಿವಲ್ದು."

ಅಜ್ಜನವರು ನಕ್ಕರು. "ಬಸ್ಸಿಗೆ ಇನ್ನೂ ಯಾಳ್ಯಾ ಐತಿ. ಕುಂಡ್ರು," ಎಂದರು.

ಅಡಿವೆಪ್ಪ ಕುಳಿತ. ಅಜ್ಜನವರು ಹೇಳತೊಡಗಿದರು.

ಒಂದು ವಿಶ್ವವಿದ್ಯಾಲಯ. ಅಲ್ಲಿಗೆ ಒಬ್ಬ ವಿದ್ಯಾರ್ಥಿ ಬಂದ. ಅವನ ಅಪ್ಪ ಪೇಟೆಯಲ್ಲಿ ಮೆಣಸಿನಕಾಯಿ ಚೀಲ ತೂಗುವವನು. ಆ ಮನೆತನದಲ್ಲಿ ಅಂಥ ಮೆಟ್ಟಿಲು ಹತ್ತಿದವನು ಅವನೇ ಮೊದಲು.

ವರ್ಷದ ಮೊದಲ ದಿನ. ವೇಳಾಪಟ್ಟಿ ಅಂಟಿಸಿದ ಹಲಗೆಯನ್ನು ಹುಡುಗರು ಜೇನಿನಂತೆ ಮುತ್ತಿದ್ದರು. ನುಗ್ಗಿ, ಹೆಗಲುಗಳ ಸಂದಿಯಿಂದ ಇಣುಕಿ ಅವನು ಓದಿದ್ದು ಇಷ್ಟೇ: ಹನ್ನೆರಡನೆಯ ಕೋಣೆ, ಒಂಬತ್ತು ಗಂಟೆ. ಆದರೆ ಅಲ್ಲಿ ಹನ್ನೆರಡನೆಯ ಕೋಣೆ ಎರಡಿದ್ದವು. ಹೊಸ ಕಟ್ಟಡದಲ್ಲಿ ಒಂದು, ಹಳೆಯ ಕಟ್ಟಡದಲ್ಲಿ ಒಂದು. ಹೊಸಬರು ಕೂಡಬೇಕಾದದ್ದು ಹೊಸದರಲ್ಲಿ. ಹಳೆಯದರಲ್ಲಿ ಕೊನೆಯ ವರ್ಷದವರು ಕೂಡುತ್ತಿದ್ದರು.

ಅವನಿಗೆ ಅದು ಗೊತ್ತಿಲ್ಲ. ಕಂಬಕ್ಕೆ ಒರಗಿ ನಿಂತಿದ್ದ ಒಬ್ಬ ಹಿರಿಯ ವಿದ್ಯಾರ್ಥಿಯನ್ನು ಕೇಳಿದ. "ಅಣ್ಣಾರ, ಹನ್ನೆರಡನೇ ಖೋಲಿ ಎಲ್ಲೈತ್ರಿ?"

ಹೊಸಬರನ್ನು ಒಂದು ಸಲ ಅಡ್ಡದಾರಿ ಹಿಡಿಸುವುದು ಅಲ್ಲಿ ಹಿರಿಯರ ರೂಢಿ. ಒಬ್ಬನನ್ನು ಕುಲಪತಿಗಳ ಮನೆಗೆ ಕಳಿಸುವರು, ಒಬ್ಬನನ್ನು ಹುಡುಗಿಯರ ಹಾಸ್ಟೆಲ್ಲಿಗೆ. ಅರ್ಧ ತಾಸಿನಲ್ಲಿ ಹುಡುಗ ಬೆವತುಕೊಂಡು ಓಡಿ ಬರುವನು. ಎಲ್ಲರೂ ನಗುವರು, ಚಹಾ ಕುಡಿಸುವರು, ಅಲ್ಲಿಗೆ ಮುಗಿಯಿತು. ಈ ಹಿರಿಯನು ದೂರ ಯೋಚಿಸುವ ತೊಂದರೆ ತೆಗೆದುಕೊಳ್ಳಲಿಲ್ಲ. ತನ್ನ ಕೋಣೆಯನ್ನೇ ತೋರಿಸಿದ. "ಬಾ ತಮ್ಮಾ, ನೀ ಬರ್ಲಿ ಅಂತನ ಪಾಠ ನಿಲ್ಲಿಸ್ಯಾರ," ಎಂದು ಹೆಗಲ ಮೇಲೆ ಕೈಹಾಕಿ ಕರೆದೊಯ್ದು, ಹಿಂದಿನ ಬೆಂಚಿನಲ್ಲಿ ಕೂಡಿಸಿದ.

ಒಬ್ಬ ವಯಸ್ಸಾದ ಪ್ರಾಧ್ಯಾಪಕರು ಬಂದರು. ಬಂದವರೇ ಸೀಮೆಸುಣ್ಣ ಎತ್ತಿಕೊಂಡು, "ಇವತ್ತು ಸೂರ್ಯನನ್ನು ತೂಗೋಣ," ಎಂದರು.

ವಿದ್ಯಾರ್ಥಿ ಬೆಚ್ಚಿದ. ಅವನು ಅಪ್ಪನ ತಕ್ಕಡಿಯ ಪಕ್ಕದಲ್ಲೇ ಬೆಳೆದವನು. ಕೊಕ್ಕೆಗೆ ಹಾಕದೆ ಯಾವುದಕ್ಕೂ ತೂಕವಿಲ್ಲ ಎಂಬುದು ಅವನಿಗೆ ಗೊತ್ತು. ಅವನು ಸುತ್ತ ನೋಡಿದ. ಯಾರೂ ಬೆಚ್ಚಿರಲಿಲ್ಲ. ಒಬ್ಬ ಆಕಳಿಸುತ್ತಿದ್ದ. ಪ್ರಾಧ್ಯಾಪಕರು ಬೋರ್ಡಿನ ಈ ತುದಿಯಿಂದ ಆ ತುದಿಗೆ ಬರೆದರು, ಒರೆಸಿದರು, ಮತ್ತೆ ಬರೆದರು. ಗಂಟೆ ಹೊಡೆಯುವ ಹೊತ್ತಿಗೆ ಒಂದು ಸಂಖ್ಯೆ ಬಂತು. ಎರಡು, ಅದರ ಮುಂದೆ ಮೂವತ್ತು ಸೊನ್ನೆ. ಅಷ್ಟು ಕಿಲೋ. "ಬರೆದುಕೊಳ್ಳಿ, ಪರೀಕ್ಷೆಗೆ ಬರುತ್ತದೆ," ಎಂದರು. ಎಲ್ಲರೂ ಬರೆದುಕೊಂಡರು. ಅವನೂ ಬರೆದುಕೊಂಡ. ಅವನ ದಪ್ಪ ಸೊನ್ನೆಗಳು ಒಂದು ಸಾಲಿನಲ್ಲಿ ಹಿಡಿಸದೆ ಮುಂದಿನ ಸಾಲಿಗೆ ಇಳಿದವು. ಅದರ ಕೆಳಗೆ ಒಂದು ಪ್ರಶ್ನೆ ಬರೆದ: ಎಲ್ಲಿ ನಿಂತು ತೂಗಿದರು?

ಎದ್ದು ಕೇಳಲು ನಾಚಿಕೆಯಾಯಿತು. ನಾಳೆ ಅವರೇ ಹೇಳಿಯಾರು ಎಂದುಕೊಂಡ.

ಹಿರಿಯರು ಅವನು ಅರ್ಧ ತಾಸಿಗೆ ಎದ್ದು ಓಡುತ್ತಾನೆಂದು ಕಾದಿದ್ದರು. ಅವನು ಓಡಲಿಲ್ಲ. ಮುಂದಿನ ಗಂಟೆಗೂ ಅವರ ಹಿಂದೆಯೇ ಹೋದ. ಮರುದಿನ ಅವರಿಗಿಂತ ಮೊದಲೇ ಬಂದು ಕುಳಿತಿದ್ದ. ಆಗ ಅವರಲ್ಲಿ ಪಣ ಬಿತ್ತು. ಇನ್ನು ಎರಡು ದಿನ ಎಂದು ಒಬ್ಬ, ಮೂರು ದಿನ ಎಂದು ಒಬ್ಬ. ಸೋತವನು ಎಲ್ಲರಿಗೂ ಮಿರ್ಚಿ ಭಜಿ ತಿನ್ನಿಸಬೇಕು. ವಾರ ತುಂಬುವುದರೊಳಗೆ ಎಲ್ಲರೂ ಸೋತಿದ್ದರು. ಭಜಿಯನ್ನು ಒಬ್ಬರಿಗೊಬ್ಬರು ತಿನ್ನಿಸಿದರು. ಹುಡುಗನಿಗೆ ನಿಜ ಹೇಳಿಬಿಡೋಣ ಎಂದು ಮಾತ್ರ ಯಾರಿಗೂ ಅನ್ನಿಸಲಿಲ್ಲ.

ಕೇಳುವವರೂ ಇರಲಿಲ್ಲ. ವರ್ಷದ ಆರಂಭ. ಹೆಸರು ಹಚ್ಚುವವರು ಇನ್ನೂ ಬರುತ್ತಲೇ ಇದ್ದರು. ಹಾಜರಿ ಪುಸ್ತಕ ಆಫೀಸಿನಿಂದ ಬಂದಿರಲಿಲ್ಲ. ಯಾರು ಎಲ್ಲಿ ಕುಳಿತರೂ ನಡೆಯುತ್ತಿತ್ತು.

ಆ ವಿದ್ಯಾರ್ಥಿಯ ಸಂಕಟ ಆಗ ಅವನೊಬ್ಬನಿಗೇ ಗೊತ್ತಿತ್ತು. ಎಲ್ಲರಿಗೂ ತಿಳಿಯುತ್ತಿದೆ, ದಡ್ಡ ನಾನೊಬ್ಬನೇ ಎಂದುಕೊಂಡ. ಅನ್ನ ಸೇರಲಿಲ್ಲ. ದಿನಾ ಬೆಳಿಗ್ಗೆ ಎದ್ದು ಹಾಸಿಗೆ ಸುತ್ತಿ ಹಗ್ಗ ಬಿಗಿಯುವನು, ಊರಿಗೆ ಹೋಗಿಬಿಡೋಣ ಎಂದು. ಹೊರಗೆ ಬಂದರೆ ಸೂರ್ಯ ಹುಟ್ಟುತ್ತಿರುವನು. ಅವನನ್ನು ಕಂಡ ಕೂಡಲೇ ಎಲ್ಲಿ ನಿಂತು ತೂಗಿದರೋ ಎಂಬ ಯೋಚನೆ ಬರುವುದು. ಹಾಸಿಗೆಯನ್ನು ಒಳಗೆ ಎಸೆಯುವನು. ಬಸ್ ಸ್ಟ್ಯಾಂಡಿನ ದಾರಿ ಹಿಡಿಯಬೇಕಾದ ಕಾಲು ಹಳೆಯ ಕಟ್ಟಡದ ಕಡೆ ತಿರುಗುವುದು.

ಅಡಿವೆಪ್ಪ ಬಾಗಿಲ ಕಡೆ ನೋಡಿದ. ಅವನ ಟ್ರಂಕು ಅಲ್ಲೇ ಇತ್ತು. ಅಜ್ಜನವರು ಅದನ್ನು ನೋಡದವರಂತೆ ಮುಂದುವರಿಸಿದರು.

ಹನ್ನೆರಡನೆಯ ದಿನ ಹಾಜರಿ ಪುಸ್ತಕ ಬಂತು. ಪ್ರಾಧ್ಯಾಪಕರು ನಲವತ್ತು ಹೆಸರು ಕೂಗಿದರು. ನಲವತ್ತು ಸಲ "ಎಸ್ ಸರ್" ಬಂತು. ಕುಳಿತವರು ಮೂವತ್ತು ಮಂದಿ. ಬಾರದವರ ಪಾಲಿನ ದನಿಯನ್ನು ಬಂದವರೇ ಮೂಗು ಹಿಡಿದು, ಗಂಟಲು ಬದಲಿಸಿ ಕೊಟ್ಟಿದ್ದರು. ಅದು ಪ್ರಾಧ್ಯಾಪಕರಿಗೂ ಗೊತ್ತಿತ್ತು. ಅವರು ಪುಸ್ತಕ ಮುಚ್ಚುವಷ್ಟರಲ್ಲಿ ಹಿಂದಿನ ಬೆಂಚಿನಲ್ಲಿ ಒಬ್ಬ ಎದ್ದು ನಿಂತ.

"ಸರ್, ನನ್ನ ಹೆಸರು ಕರೀಲಿಲ್ರಿ."

ಕೋಣೆ ಹೋ ಎಂದು ನಕ್ಕಿತು. ಪ್ರಾಧ್ಯಾಪಕರು ಅವನ ಪ್ರವೇಶದ ಚೀಟಿ ತರಿಸಿ ನೋಡಿದರು.

"ನೀನು ಮೊದಲ ವರ್ಷದವನು. ನಿನ್ನ ಕೋಣೆ ಹೊಸ ಕಟ್ಟಡದಲ್ಲಿದೆ. ಇಷ್ಟು ದಿನ ಇಲ್ಲಿ ಏನು ಮಾಡಿದೆ?"

"ಕುಂತಿದ್ದೆರಿ."

"ಏನು ತಿಳಿಯಿತು?"

"ಏನೂ ತಿಳೀಲಿಲ್ರಿ."

"ಮತ್ತೆ ದಿನಾ ಯಾಕೆ ಬಂದೆ?"

ಅವನು ತಲೆ ತಗ್ಗಿಸಿದ. "ಸೂರ್ಯನ್ನ ತೂಗಿದ್ರಿ ಸರ್. ಎಲ್ಲಿ ನಿಂತು ತೂಗಿದ್ರಿ ಅನ್ನೂದು ಹೇಳಲಿಲ್ಲ. ಒಂದಿಲ್ಲೊಂದು ದಿನ ಹೇಳ್ತೀರಿ ಅಂತ ಬಂದೆ."

ಮತ್ತೆ ನಗು ಎದ್ದಿತು. ಪ್ರಾಧ್ಯಾಪಕರು ನಗಲಿಲ್ಲ. ಅವರು ಮೂವತ್ತು ಜನರ ಕಡೆ ತಿರುಗಿದರು.

"ಎಲ್ಲಿ ನಿಂತು ತೂಗಿದೆವು? ಯಾರಾದರೂ ಹೇಳಿ."

ಆ ಲೆಕ್ಕವನ್ನು ಕಣ್ಣು ಮುಚ್ಚಿ ಬರೆಯಬಲ್ಲವರು ಅವರೆಲ್ಲ. ಎಲ್ಲರೂ ಪುಸ್ತಕದ ಮೇಲೆ ಬಗ್ಗಿದರು. ಅಡ್ಡದಾರಿ ತೋರಿಸಿದ ಹಿರಿಯನು ಎಲ್ಲರಿಗಿಂತ ಜಾಣ. ಅವನು ಪುಟ ತಿರುವಿ ಹುಡುಕಿದ. ಪುಟದಲ್ಲಿ ಸೊನ್ನೆಗಳಿದ್ದವು, ನಿಂತ ಜಾಗ ಇರಲಿಲ್ಲ.

ಪ್ರಾಧ್ಯಾಪಕರು ಸೀಮೆಸುಣ್ಣ ಎತ್ತಿಕೊಂಡು ಬೋರ್ಡಿನ ಕಡೆ ತಿರುಗಿದರು. ಏನೂ ಬರೆಯದೆ, "ಇಪ್ಪತ್ತೆಂಟು ವರ್ಷದಿಂದ ಈ ಲೆಕ್ಕ ಮಾಡಿಸುತ್ತಿದ್ದೇನೆ. ಯಾರೂ ಕೇಳಲಿಲ್ಲ. ನನ್ನನ್ನು ನಾನೂ ಕೇಳಿಕೊಳ್ಳಲಿಲ್ಲ," ಎಂದರು. ಸೀಮೆಸುಣ್ಣ ಕೆಳಗಿಟ್ಟು ಹೊರಗೆ ನಡೆದರು. ಎಲ್ಲರೂ ಅವರ ಹಿಂದೆ ಅಂಗಳಕ್ಕೆ ಬಂದರು. ಬಿಸಿಲು ಆಗಷ್ಟೇ ಏರಿತ್ತು.

ಪ್ರಾಧ್ಯಾಪಕರು ಹುಡುಗನನ್ನು ಕೇಳಿದರು. "ಕವಣೆ ತಿರುಗಿಸಿದ್ದೀಯಾ?"

"ತಿರುಗಿಸೀನ್ರಿ. ಮಾವನ ಜ್ವಾಳದ ಹೊಲದಾಗ, ಹಕ್ಕಿ ಓಡಸಾಕ."

"ತಿರುಗಿಸುವಾಗ ಕಲ್ಲು ಏನು ಮಾಡುತ್ತದೆ?"

"ಓಡಿ ಹೋಗಾಕ ನೋಡ್ತೈತ್ರಿ. ಹಗ್ಗ ಬಿಡೂದಿಲ್ಲ."

"ಆ ಕಲ್ಲಿನ ಮೇಲೆ ಒಂದು ಇರುವೆ ಕುಳಿತಿದೆ ಎನ್ನು. ತಿರುಗಿಸುವವನನ್ನು ಅದು ಮುಟ್ಟಲಾರದು. ಅವನ ಹತ್ತಿರ ಹೋಗಲಾರದು. ಆದರೆ ತಾನು ಎಷ್ಟು ದೂರದಲ್ಲಿ, ಎಷ್ಟು ವೇಗದಲ್ಲಿ ತಿರುಗುತ್ತಿದ್ದೇನೆ ಎಂದು ಅದು ಎಣಿಸಿಕೊಂಡರೆ, ತನ್ನನ್ನು ಬಿಡದೆ ಹಿಡಿದವನು ಎಷ್ಟು ಬಲದವನು ಎಂದು ಕುಳಿತಲ್ಲೇ ಹೇಳಬಲ್ಲದು."

ಅವರು ಸೂರ್ಯನ ಕಡೆ ಕೈ ಮಾಡಿದರು. "ತಿರುಗಿಸುವವನು ಅಲ್ಲಿದ್ದಾನೆ. ಅವನ ತೂಕವೇ ಅವನ ಬಲ." ಆಮೇಲೆ ಕೈಯನ್ನು ನೆಲದ ಕಡೆ ಇಳಿಸಿದರು. "ಕಲ್ಲು ಇದು. ಇಲ್ಲೇ ನಿಂತು ತೂಗಿದೆವು ಮಗಾ."

ಆ ಅಂಗಳದಲ್ಲಿ ಹಿರಿಯ ಹುಡುಗರು ಎಷ್ಟೋ ಸಲ ಕಡಲೆಕಾಯಿ ತಿಂದು ಸಿಪ್ಪೆ ಚೆಲ್ಲಿದ್ದರು. ಈಗ ಕಾಲು ಕದಲಿಸಲು ಅಂಜಿದರು. ಕಾಲ ಕೆಳಗಿನ ನೆಲ ಓಡುತ್ತಿತ್ತು. ಎಂದಿನಿಂದಲೋ ಓಡುತ್ತಿತ್ತು. ಕಾಣದ ಹಗ್ಗವೊಂದು ಅದನ್ನು ಹಿಡಿದಿತ್ತು. ಗಿಡಗಳು, ಕಟ್ಟಡ, ಗೋಡೆಯ ಮೇಲೆ ಮಲಗಿದ ಬೆಕ್ಕು, ಎಲ್ಲವೂ ಅದರ ಮೇಲೆ ಕುಳಿತು ಹೋಗುತ್ತಿದ್ದವು. ಒಂದು ಎಲೆಯೂ ಬೀಳುತ್ತಿರಲಿಲ್ಲ.

ಹುಡುಗ ಬಗ್ಗಿ ನೆಲವನ್ನು ಅಂಗೈಯಿಂದ ಮುಟ್ಟಿದ. ಚೀಲ ತೂಗುವ ಮೊದಲು ಅಪ್ಪ ತಕ್ಕಡಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಮಗನೂ ಹಾಗೆಯೇ ಕಣ್ಣಿಗೊತ್ತಿಕೊಂಡ.

ಅದನ್ನು ಕಂಡ ಪ್ರಾಧ್ಯಾಪಕರು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತರು. ಅವರನ್ನು ನೋಡಿ ಒಬ್ಬ ಬಿಟ್ಟ. ಅವನನ್ನು ನೋಡಿ ಇನ್ನೊಬ್ಬ. ಗಂಟೆ ಹೊಡೆಯಿತು. ಯಾರೂ ಹೋಗಲಿಲ್ಲ.

ಕೊನೆಗೆ ಪ್ರಾಧ್ಯಾಪಕರೇ ಹುಡುಗನ ಕೈ ಹಿಡಿದರು. "ನಡಿ, ನಿನ್ನ ಕೋಣೆ ತೋರಿಸುತ್ತೇನೆ. ಅಲ್ಲಿಯೂ ತಿಳಿಯದ್ದು ಬಹಳ ಇರುತ್ತದೆ, ಹೆದರಬೇಡ," ಎಂದು ಹೊಸ ಕಟ್ಟಡದ ತನಕ ತಾವೇ ನಡೆದು ಹೋಗಿ ಬಿಟ್ಟು ಬಂದರು.

ಅಜ್ಜನವರು ಕತೆ ನಿಲ್ಲಿಸಿದರು.

ಅಡಿವೆಪ್ಪ ತನ್ನ ಕಾಲು ನೋಡಿಕೊಂಡ. ಒಳಗೆ ಬರುವಾಗ ಅವನೂ ಚಪ್ಪಲಿಯನ್ನು ಟ್ರಂಕಿನ ಪಕ್ಕ ಬಿಟ್ಟು ಬಂದಿದ್ದ. ಅಂಗಾಲಿಗೆ ಪಡಸಾಲೆಯ ಕಲ್ಲು ತಣ್ಣಗೆ ತಾಗುತ್ತಿತ್ತು. ಅದು ಅಲುಗುತ್ತಿರಲಿಲ್ಲ. ಆದರೂ ಅವನು ಎರಡೂ ಕೈಯನ್ನು ನೆಲಕ್ಕೆ ಊರಿ ಕುಳಿತ. ದೂರದಲ್ಲಿ ಹನ್ನೊಂದರ ಬಸ್ಸು ಹಾರ್ನ್ ಹಾಕಿತು, ಮತ್ತೊಮ್ಮೆ ಹಾಕಿತು, ಹೋಯಿತು.

ಸ್ವಲ್ಪ ಹೊತ್ತಿನ ಮೇಲೆ ಅವನಿಗೆ ಸಿಟ್ಟು ಬಂತು.

"ಅಜ್ಜಾರ, ಹನ್ನೆರಡು ದಿನ ಆ ಬಡವನ್ನ ಆಡಿಸಿದ್ನಲ್ರಿ, ಆ ಹಿರ್ಯಾ. ಭಜಿ ಬ್ಯಾರೆ ತಿಂದ. ಅಂಥವನ್ನ ಹಿಡದು ನಾಕ ಬಾರಿಸಬೇಕಿತ್ತು ನೋಡ್ರಿ. ಅವನ ಗತಿ ಏನಾತು?"

ಅಜ್ಜನವರು ತಮ್ಮ ಬರಿಗಾಲನ್ನು ಬಿಸಿಲಿಗೆ ಚಾಚಿದರು.

"ಅಂವ ನಾನ ತಮ್ಮಾ, ಅವತ್ತು ಬಿಟ್ಟ ಚಪ್ಪಲಿ ಇವತ್ತಿಗೂ ಮೆಟ್ಟಿಲ್ಲ."